ಹಿಂದಿನ ಬ್ರೇಕ್ ಅಂದ್ರೆ ಅಷ್ಟೇನಾ?

"ಹಿಂದಿನ ಬ್ರೇಕ್ ಇರೋದೇ ಹಂಗೆ ಸಾರ್."

ಈ ಮಾತನ್ನು ಒಂದು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೀನೋ ಲೆಕ್ಕ ಇಲ್ಲ. ಸರ್ವೀಸ್ ಸೆಂಟರಿನವರು ಹೇಳಿದರು, ಜೊತೆಗೆ ರೈಡ್ ಬರುವ ಗೆಳೆಯರು ಹೇಳಿದರು, ಕೊನೆಗೆ ನಾನೇ ನಂಬಿಬಿಟ್ಟೆ. ಅದು ಶುದ್ಧ ಸುಳ್ಳು ಅಂತ ಗೊತ್ತಾಗಲು ಲಕ್ಕೂರಿನ ಹತ್ತಿರ ಒಂದು ಕುರಿಮಂದೆ ಅಡ್ಡ ಬರಬೇಕಾಯಿತು.

ಭಾನುವಾರ ಬೆಳಗಾದರೆ ಬೆಂಗಳೂರಿನ ನಾವು ಮಾಲೂರಿನ ಕಡೆ ಯಾಕೆ ಓಡ್ತೀವಿ ಅಂತ ಬೈಕ್ ಇರುವವರಿಗೆ ಹೇಳಬೇಕಿಲ್ಲ. ನೀಲಗಿರಿ ತೋಪು, ಮಣ್ಣಿನ ಜಾಡು, ಒಣಗಿದ ಕೆರೆಯಂಗಳ. ಅರ್ಧ ಗಂಟೆ ಮಣ್ಣಲ್ಲಿ ಆಡಿ ಕೆರೆ ಏರಿಯಿಂದ ಇಳಿಯುತ್ತಿದ್ದೆ. ಎದುರಿಗೆ ಕುರಿಗಳು. ಪೆಡಲ್ ಒತ್ತಿದರೆ ಒದ್ದೆ ಸ್ಪಂಜು ತುಳಿದ ಹಾಗಾಯಿತು. ಸಡಿಲ ಮಣ್ಣಿನ ಇಳಿಜಾರಲ್ಲಿ ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿದರೆ ಚಕ್ರ ಜಾರುತ್ತೆ. ಬೇರೆ ದಾರಿ ಕಾಣದೆ ಗಾಡಿಯನ್ನು ಪಕ್ಕಕ್ಕೆ ಕೆಡವಿದೆ. ಪುಣ್ಯಕ್ಕೆ ಕುರಿಗಳಿಗೂ ಅವುಗಳ ಹಿಂದಿದ್ದ ಅಜ್ಜಿಗೂ ಏನೂ ಆಗಲಿಲ್ಲ. ಅಜ್ಜಿ ಕೇಳಿದ್ದು ಇಷ್ಟೇ: "ಇಷ್ಟು ದುಡ್ಡಿನ ಗಾಡಿ, ಬ್ರೇಕು ಇಲ್ವೇನಪ್ಪಾ?"

ಇತ್ತು. ಎರಡು ಸಲ ಪ್ಯಾಡ್ ಬದಲಾಯಿಸಿ, ಎರಡು ಸಲ ಬಿಲ್ ಕಟ್ಟಿ, ಜಾಬ್ ಕಾರ್ಡಿನಲ್ಲಿ ಟಿಕ್ ಹಾಕಿಸಿಕೊಂಡ ಬ್ರೇಕು.

ಊರೊಳಗಿನ ಸಣ್ಣ ಗ್ಯಾರೇಜಿಗೆ ಗಾಡಿ ತಳ್ಳಿಕೊಂಡು ಹೋದೆ. ಮೆಕ್ಯಾನಿಕ್ ಹುಡುಗ ಸ್ಪ್ಯಾನರ್ ಮುಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿದ: "ಬಿಸಿ ಆದ್ಮೇಲೆ ಹಿಂಗಾಗ್ತದಾ ಅಣ್ಣಾ, ತಣ್ಣಗಿದ್ದಾಗ್ಲೂನಾ?" ಒಂದು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಸರ್ವೀಸ್ ಸೆಂಟರಿನ ಟೆಸ್ಟ್ ರೈಡ್ ಕಾಂಪೌಂಡಿನೊಳಗೆ ಒಂದು ಸುತ್ತು. ಅಷ್ಟರಲ್ಲಿ ಯಾವ ಬ್ರೇಕೂ ಬಿಸಿಯಾಗಲ್ಲ.

ಅವನು ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದ. ಬಿಗಿ. ಪೆಡಲಿನಿಂದ ಮಾಸ್ಟರ್ ಸಿಲಿಂಡರಿಗೆ ಹೋಗುವ ಪುಷ್‌ರಾಡ್ ಸ್ವಲ್ಪ ಸಡಿಲಿಸಿದ. ಚಕ್ರ ಸಲೀಸಾಗಿ ತಿರುಗಿತು. "ಇದನ್ನ ಯಾರು ಟೈಟ್ ಮಾಡಿದ್ದು?"

ನಾನೇ. ಬ್ರೇಕ್ ಬೇಗ ಹಿಡೀಲಿ ಅಂತ ವಿಡಿಯೋ ನೋಡಿ ತಿರುಗಿಸಿದ್ದೆ. ಪೆಡಲಿಗೆ ಒಂಚೂರು ಆಟ ಇರಲೇಬೇಕು. ಇಲ್ಲದಿದ್ದರೆ ಕಾಲು ತೆಗೆದ ಮೇಲೂ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಲ್ಲ, ಫ್ಲೂಯಿಡ್ ಡಬ್ಬಿಗೆ ವಾಪಸ್ ಹೋಗಲ್ಲ, ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇರುತ್ತೆ. ಬಿಸಿ ಏರುತ್ತೆ. ನನ್ನ ಗಾಡಿಯ ಫ್ಲೂಯಿಡ್ ಮೂರು ವರ್ಷ ಹಳೆಯದು. ಡಾಟ್ 4 ಫ್ಲೂಯಿಡ್ ಗಾಳಿಯ ತೇವ ಹೀರುತ್ತೆ. ಹೊಸದರಲ್ಲಿ ಅದರ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿದ್ದಕ್ಕೆ ಆ ಮಿತಿ 155. ಕುದ್ದರೆ ಆವಿ, ಆವಿಯನ್ನು ಒತ್ತಿದರೆ ಕುಗ್ಗುತ್ತೆ. ಕಾಲಿನ ಬಲ ಅಲ್ಲೇ ಮುಗಿಯಿತು, ಪ್ಯಾಡ್ ತನಕ ತಲುಪಲೇ ಇಲ್ಲ.

ಇಲ್ಲಿ ಪ್ಯಾಡ್ ಬದಲಾಯಿಸಿ ಏನು ಉಪಯೋಗ?

ಹೈಡ್ರಾಲಿಕ್ ಬ್ರೇಕ್ ತನ್ನ ಕಾಯಿಲೆಯನ್ನು ತಾನೇ ಹೇಳುತ್ತೆ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಗಟ್ಟಿಯಾದರೆ ಲೈನಿನಲ್ಲಿ ಗಾಳಿ ಇರಬಹುದು, ಬ್ಲೀಡ್ ಮಾಡಿ. ಬ್ಲೀಡ್ ಮಾಡುವಾಗ ಕ್ಯಾಲಿಪರಿನ ನಿಪ್ಪಲ್ ಎಲ್ಲಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಗುಳ್ಳೆ ಒಳಗೇ ಉಳಿಯುತ್ತೆ. ಒತ್ತಿ ಹಿಡಿದಾಗ ಪೆಡಲ್ ನಿಧಾನಕ್ಕೆ ಕೆಳಗಿಳಿದರೆ, ಹೊರಗೆ ಎಲ್ಲೂ ಸೋರಿಕೆ ಇಲ್ಲದಿದ್ದರೆ, ಮಾಸ್ಟರ್ ಸಿಲಿಂಡರಿನ ಸೀಲ್ ನೋಡಿ. ಪೆಡಲ್ ಕಲ್ಲಿನಂತಿದ್ದೂ ಗಾಡಿ ನಿಲ್ಲದಿದ್ದರೆ ಆಗ ಪ್ಯಾಡು, ಡಿಸ್ಕ್ ನೋಡಿ. ಚೈನಿಗೆ ಹೊಡೆದ ಸ್ಪ್ರೇ ಅಲ್ಲಿಗೂ ಸಿಡಿದಿರುತ್ತೆ. ಈ ಪರೀಕ್ಷೆಗಳಿಗೆ ಖರ್ಚು ಸೊನ್ನೆ. ಬಿಲ್ ಮಾಡೋಕೆ ಆಗಲ್ಲ ಅಂತಲೇ ಯಾರೂ ಮಾಡಲ್ಲ ಅನ್ನೋದು ನನ್ನ ಗುಮಾನಿ.

ಎಬಿಎಸ್ ಇದೆಯಲ್ಲ ಅಂತೀರಾ? 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಬೈಕುಗಳಿಗೆ ಅದು ಕಡ್ಡಾಯ, ಒಳ್ಳೆಯದೇ. ಆದರೆ ಚಕ್ರ ಲಾಕ್ ಆಗದಂತೆ ಒತ್ತಡ ಸಡಿಲಿಸುವುದು ಅದರ ಕೆಲಸ. ಇಲ್ಲದ ಒತ್ತಡವನ್ನು ಅದು ಎಲ್ಲಿಂದ ತರುತ್ತೆ?

ಸರ್ವೀಸ್ ಸೆಂಟರನ್ನು ಬೈದು ಕೈತೊಳೆದುಕೊಳ್ಳೋದು ಸುಲಭ. ನಾವೇನು ಕಮ್ಮಿ? ಆಫೀಸಿನಲ್ಲಿ ಸರ್ವರ್ ಬಿದ್ದರೆ ಮೂಲ ಕಾರಣ ಹುಡುಕದೆ ಟಿಕೆಟ್ ಕ್ಲೋಸ್ ಮಾಡಲ್ಲ. ಸ್ವಂತ ಬ್ರೇಕಿನ ವಿಷಯಕ್ಕೆ ಬಂದರೆ "ಇರೋದೇ ಹಂಗೆ" ಅಂತ ಒಪ್ಪಿಕೊಳ್ತೀವಿ. ಕ್ರ್ಯಾಶ್ ಗಾರ್ಡಿಗೆ, ಫಾಗ್ ಲ್ಯಾಂಪಿಗೆ ಸಾವಿರಗಟ್ಟಲೆ ಸುರಿಯುವ ನಾವು, ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ ಒಂದು ಬಾಟಲಿ ಫ್ಲೂಯಿಡ್ ಮರೀತೀವಿ. ಗಾರ್ಡು ಕಾಯೋದು ನನ್ನ ಗಾಡಿಯನ್ನು. ಬ್ರೇಕು ಎದುರಿಗೆ ಬಂದವರನ್ನೂ ಕಾಯುತ್ತೆ. ನಮಗೆ ಭಾನುವಾರದ ಮೋಜಾಗಿರುವ ಆ ಏರಿ ಅಜ್ಜಿ ದಿನಾ ಕುರಿ ಹೊಡೆದುಕೊಂಡು ಹೋಗುವ ದಾರಿ. ಅವರ ಹತ್ತಿರ ಹೆಲ್ಮೆಟ್ ಇಲ್ಲ.

ಹುಡುಗ ಹೊಸ ಫ್ಲೂಯಿಡ್ ತುಂಬಿ ಬ್ಲೀಡ್ ಮಾಡಿಕೊಟ್ಟ. ಯಾವ ಪಾರ್ಟೂ ಬದಲಾಯಿಸಲಿಲ್ಲ. ಹಿಂದಿನ ಬ್ರೇಕ್ ಈಗ ಬಿಸಿಯಾದಾಗಲೂ ಹಿಡಿಯುತ್ತೆ. ಅದು ಇರಬೇಕಾದ್ದೇ ಹಂಗೆ.