ಹಳದಿ ಪೆಟ್ಟಿಗೆಯ ತೀರ್ಪು

ಚುನಾವಣೆಯಲ್ಲಿ ಸೋತವರು ತಾವೇಕೆ ಸೋತೆವೆಂದು ಬಹುಕಾಲ ಚಿಂತಿಸುವುದುಂಟು. ಗೆದ್ದವರು ತಾವೇಕೆ ಗೆದ್ದೆವೆಂದು ಚಿಂತಿಸುವುದು ವಿರಳ. 1937ರಲ್ಲಿ ಮದರಾಸು ಪ್ರಾಂತದಲ್ಲಿ ನಡೆದ ಚುನಾವಣೆಯನ್ನು ನೆನೆದಾಗಲೆಲ್ಲ ಈ ಮಾತು ಮನಸ್ಸಿಗೆ ಬರುತ್ತದೆ.

ಅಂದಿನ ಮದರಾಸು ಪ್ರಾಂತವೆಂದರೆ ತಮಿಳುನಾಡು ಮಾತ್ರವಲ್ಲ. ಆಂಧ್ರದ ಕರಾವಳಿ, ರಾಯಲಸೀಮೆ, ಮಲಬಾರುಗಳೊಡನೆ ನಮ್ಮ ದಕ್ಷಿಣ ಕನ್ನಡವೂ ಬಳ್ಳಾರಿಯೂ ಅದಕ್ಕೆ ಸೇರಿದ್ದವು. ಮಂಗಳೂರಿನವರೂ ಬಳ್ಳಾರಿಯವರೂ ಮದರಾಸಿನ ವಿಧಾನಸಭೆಗೇ ತಮ್ಮ ಪ್ರತಿನಿಧಿಗಳನ್ನು ಕಳುಹಿಸಬೇಕಾಗಿತ್ತು. ಮತದ ಹಕ್ಕಾದರೂ ಎಲ್ಲರಿಗೂ ಇರಲಿಲ್ಲ. ಆಸ್ತಿ, ತೆರಿಗೆ, ಅಕ್ಷರಜ್ಞಾನ ಮೊದಲಾದ ಅರ್ಹತೆಗಳನ್ನು 1935ರ ಕಾಯಿದೆ ವಿಧಿಸಿತ್ತು. ಪ್ರತಿ ಪಕ್ಷದ ಪೆಟ್ಟಿಗೆಗೂ ಒಂದೊಂದು ಬಣ್ಣ, ಕಾಂಗ್ರೆಸ್ಸಿನದು ಹಳದಿ. ಓದಲು ಬಾರದವನೂ ಬಣ್ಣವನ್ನು ಗುರುತಿಸಬಲ್ಲನಷ್ಟೆ!

ಎದುರಾಳಿ ಜಸ್ಟಿಸ್ ಪಕ್ಷವೇನೂ ಸಾಮಾನ್ಯದ್ದಲ್ಲ. 1920ರಿಂದ ಆಚೆಗೆ ಬಹುಪಾಲು ವರ್ಷ ಅಧಿಕಾರ ನಡೆಸಿದ, ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಗಳಲ್ಲಿ ಪಾಲು ದೊರಕಿಸಿಕೊಟ್ಟ ಪಕ್ಷ ಅದು. ಆದರೆ ಕಾಲಕ್ರಮದಲ್ಲಿ ಅದು ರಾಜರ, ಜಮೀನ್ದಾರರ ಕೂಟವಾಗಿ ತೋರತೊಡಗಿತು. ಬೆಳೆಗೆ ಬೆಲೆಯಿಲ್ಲದೆ ರೈತನು ಕಂದಾಯ ಕಟ್ಟಲು ಬಾಯಿ ಬಾಯಿ ಬಿಡುತ್ತಿದ್ದ ದಿನಗಳಲ್ಲಿ ಮಂತ್ರಿಗಳಿಗೆ ತಿಂಗಳಿಗೆ ನಾಲ್ಕು ಸಾವಿರ ರೂಪಾಯಿಗೂ ಮೀರಿದ ಸಂಬಳ! ಕಾಂಗ್ರೆಸ್ಸಾದರೋ, ತನ್ನ ಮಂತ್ರಿಗಳಿಗೆ ಐನೂರು ರೂಪಾಯಿಯೇ ಸಾಕೆಂದಿತು.

ಪೆಟ್ಟಿಗೆಗಳನ್ನು ತೆರೆದಾಗ 215 ಸ್ಥಾನಗಳಲ್ಲಿ 159 ಕಾಂಗ್ರೆಸ್ಸಿನ ಪಾಲಾಗಿದ್ದವು. ಜಸ್ಟಿಸ್ ಪಕ್ಷಕ್ಕೆ ಉಳಿದದ್ದು ಇಪ್ಪತ್ತರ ಆಸುಪಾಸು. ಪ್ರಾಂತದ ಮುಖ್ಯಮಂತ್ರಿಯಾಗಿದ್ದ ಬೊಬ್ಬಿಲಿಯ ರಾಜರೇ ತಮ್ಮ ಬೊಬ್ಬಿಲಿಯಲ್ಲಿ ಕಾರ್ಮಿಕ ಮುಖಂಡರೊಬ್ಬರ ಎದುರು ಸೋತರು. ಆ ಮುಖಂಡರೇ ವಿ. ವಿ. ಗಿರಿ, ಮುಂದೆ 1965ರಲ್ಲಿ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿ ಬಂದವರು, 1969ರಲ್ಲಿ ರಾಷ್ಟ್ರಪತಿಯಾದವರು.

ಆ ಜುಲೈ ತಿಂಗಳಲ್ಲಿ ರಾಜಾಜಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಅದು ಒಳ್ಳೆಯ ಕೆಲಸ ಮಾಡಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ಬಂದಿತು. ಸಾಲದಲ್ಲಿ ಮುಳುಗಿದ ರೈತರಿಗಾಗಿ 1938ರಲ್ಲಿ ಋಣಪರಿಹಾರದ ಕಾನೂನಾಯಿತು. ಹರಿಜನರಿಗೆ ದೇವಾಲಯಗಳ ಬಾಗಿಲು ತೆರೆಯುವ ಕಾರ್ಯಕ್ಕೂ ಬೆಂಬಲ ದೊರೆಯಿತು.

ಆದರೆ ಅದೇ 1938ರಲ್ಲಿ ಸರ್ಕಾರವು ಹಲವು ಪ್ರೌಢಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯ ಮಾಡಿತು. ಮತದಾರನು ಹಳದಿ ಪೆಟ್ಟಿಗೆಗೆ ಚೀಟಿ ಹಾಕಿದ್ದು ಕಂದಾಯದ ಬೇಗೆಗೆ, ಸ್ವರಾಜ್ಯದ ಆಸೆಗೆ. ತಮ್ಮ ಮಕ್ಕಳು ಕಲಿಯಬೇಕಾದ ಭಾಷೆಯ ಮಾತನ್ನು ಆತನೊಡನೆ ಆಡಿದವರಾರು? ತಮಿಳು ಜಿಲ್ಲೆಗಳಲ್ಲಿ ಪ್ರತಿಭಟನೆ ಎದ್ದಿತು. ಸಾವಿರಕ್ಕೂ ಹೆಚ್ಚು ಮಂದಿ ಸೆರೆಮನೆ ಸೇರಿದರು. ಪರಂಗಿಯವರ ಕೈಯಲ್ಲಿದ್ದಾಗ ಯಾವ ಕಾನೂನನ್ನು ಕಾಂಗ್ರೆಸ್ಸು ಖಂಡಿಸಿತ್ತೋ, ಅದನ್ನೇ ಈಗ ತನ್ನ ಜನರ ಮೇಲೆ ಪ್ರಯೋಗಿಸಿತು. 159ರ ಬಲ ಬೆನ್ನಿಗಿರುವಾಗ ಎದುರು ಮಾತು ಕಿವಿಗೆ ಬೀಳುವುದು ಕಷ್ಟ. ಯುದ್ಧದ ಪ್ರಶ್ನೆಯ ಮೇಲೆ 1939ರ ಅಕ್ಟೋಬರಿನಲ್ಲಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಮರುವರ್ಷ ಗವರ್ನರರು ಆ ಆಜ್ಞೆಯನ್ನು ಹಿಂತೆಗೆದುಕೊಂಡರು.

ಅಲ್ಲಿಗೆ ಕಥೆ ಮುಗಿಯಲಿಲ್ಲ. 1946ರಲ್ಲಿ ಕಾಂಗ್ರೆಸ್ಸು ಮತ್ತೆ ಗೆದ್ದಿತು. ಎಲ್ಲ ವಯಸ್ಕರಿಗೂ ಮತ ದೊರೆತ 1952ರಲ್ಲಿ ಮದರಾಸಿನಲ್ಲಿ ಅದಕ್ಕೆ ಬಹುಮತವೇ ಬರಲಿಲ್ಲ. 1967ರಲ್ಲಿ, ಹಳದಿ ಪೆಟ್ಟಿಗೆಯ ಗೆಲುವಿಗೆ ಸರಿಯಾಗಿ ಮೂವತ್ತು ವರ್ಷ ತುಂಬಿದಾಗ, ಅದು ಅಲ್ಲಿ ಅಧಿಕಾರವನ್ನೇ ಕಳೆದುಕೊಂಡಿತು. ಅಂದು ಮುಖ್ಯಮಂತ್ರಿಯಾದ ಅಣ್ಣಾದೊರೈಯವರು 1938ರ ಹಿಂದಿ ವಿರೋಧದಲ್ಲಿ ಸೆರೆಮನೆ ಕಂಡ ತರುಣರಲ್ಲೊಬ್ಬರು! ಅವರ ಬೆಂಬಲಕ್ಕೆ ನಿಂತ ಹಿರಿಯರಾದರೋ ಸ್ವತಃ ರಾಜಾಜಿ. ಅಷ್ಟರಲ್ಲಿ ಅವರೂ ಹಿಂದಿಯ ಹೇರಿಕೆಯ ವಿರೋಧಿಯಾಗಿದ್ದರು.

ಮತವೆಂಬುದು ದಾನವಲ್ಲ, ಸಾಲ. ಯಾವ ಕಾರ್ಯಕ್ಕೆಂದು ಕೊಟ್ಟರೋ ಆ ಕಾರ್ಯಕ್ಕೇ ಅದು ಸಲ್ಲಬೇಕು. ಕೊಟ್ಟವನು ಲೆಕ್ಕ ಕೇಳಲು ತಡಮಾಡಿಯಾನು. ಮರೆತುಬಿಟ್ಟನೆಂದು ಮಾತ್ರ ಯಾರೂ ತಿಳಿಯಬಾರದು.