ತೆರೆಯ ಮೇಲಿನ ದೆವ್ವ, ಮನೆಯೊಳಗಿನ ರೋಗಿ

ಭಯಾನಕ ಚಲನಚಿತ್ರಗಳನ್ನು ಕ್ರೈಸ್ತ ವಿಶ್ವಾಸಿಗಳು ನೋಡಬಹುದೇ ಎಂಬ ಪ್ರಶ್ನೆ ನಮ್ಮ ಯುವಜನರ ಕೂಟಗಳಲ್ಲಿ ಆಗಾಗ ಏಳುವುದುಂಟು. ಧಾರಾಳವಾಗಿ ನೋಡಲಿ. ಆದರೆ ಅಲ್ಲಿ ಕಂಡದ್ದನ್ನೇ ಧರ್ಮವೆಂದು ನಂಬಿ ಮನೆಗೆ ಮರಳುವುದು ಅಪಾಯಕರ.

1973ರಲ್ಲಿ ತೆರೆಕಂಡ 'ದಿ ಎಕ್ಸಾರ್ಸಿಸ್ಟ್' ಒಂದು ಮಾದರಿಯನ್ನೇ ಹಾಕಿಕೊಟ್ಟಿತು. ವೈದ್ಯರು ಕೈಚೆಲ್ಲುತ್ತಾರೆ, ಬಳಿಕ ಶಿಲುಬೆ, ಪವಿತ್ರ ಜಲಗಳೊಡನೆ ಗುರುಗಳು ಬರುತ್ತಾರೆ. ಇಂಥ ಚಿತ್ರಗಳಲ್ಲಿ ದೇವರು ದೆವ್ವಕ್ಕೆ ಎದುರು ನಿಂತ ಜಟ್ಟಿಯಂತೆ; ದೆವ್ವ ಅರಚದ ಹೊರತು ಆತನಿಗೆ ಕೆಲಸವೇ ಇಲ್ಲ!

ಅನುಭಾವವೆಂಬುದು ಇದಲ್ಲವೆಂದು ಯಡಿಯೂರಿನ ಜನರಿಗೆ ನಾನು ಹೇಳಿಕೊಡಬೇಕಾಗಿಲ್ಲ. ತೋಂಟದ ಸಿದ್ಧಲಿಂಗ ಯತಿಗಳು ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕುಳಿತಾಗ ಅವರ ಮೇಲೆ ಹುತ್ತವೇ ಬೆಳೆಯಿತೆಂಬುದು ಇಲ್ಲಿನ ಐತಿಹ್ಯ. ಅಷ್ಟು ಕಾಲದ ನಿಶ್ಚಲತೆಯನ್ನು ಯಾವ ನಿರ್ಮಾಪಕ ತಾನೇ ಚಿತ್ರೀಕರಿಸಿಯಾನು? ನಮ್ಮ ಸಂತ ಶಿಲುಬೆಯ ಯೊವಾನ್ನರು 1577ರ ಕೊನೆಯಲ್ಲಿ ಸ್ವಂತ ಸಭೆಯವರಿಂದಲೇ ಬಂಧಿತರಾಗಿ, ಟೊಲೇಡೊ ನಗರದ ಇಕ್ಕಟ್ಟಾದ ಕೋಣೆಯಲ್ಲಿ ಸುಮಾರು 9 ತಿಂಗಳು ಕಳೆದರು; ಅಲ್ಲಿಯೇ ಕವಿತೆಗಳನ್ನು ರಚಿಸಿದರು. ದರ್ಶನ, ಅಶರೀರವಾಣಿಗಳು ಒದಗಿದರೂ ಅವುಗಳಿಗೆ ಅಂಟಿಕೊಳ್ಳಬಾರದೆಂದು ಬೋಧಿಸಿದವರು ಅವರು.

ತತ್ತ್ವವಿಚಾರ ಒತ್ತಟ್ಟಿಗಿರಲಿ, ಪ್ರಾಣದ ಪ್ರಶ್ನೆಯೂ ಇಲ್ಲುಂಟು. ಜರ್ಮನಿಯ ಆನೆಲೀಸ್ ಮಿಷೆಲ್ ಎಂಬ ಯುವತಿಗೆ ಮೂರ್ಛೆರೋಗವಿದೆಯೆಂದು ವೈದ್ಯರು ಹೇಳಿದ್ದರು. ದೆವ್ವ ಹಿಡಿದಿದೆಯೆಂಬ ನಂಬಿಕೆಯಿಂದ, ಧರ್ಮಾಧ್ಯಕ್ಷರ ಅನುಮತಿ ಪಡೆದೇ, ಆಕೆಗೆ 67 ಬಾರಿ ಭೂತೋಚ್ಚಾಟನೆಯ ವಿಧಿಯನ್ನು ನಡೆಸಲಾಯಿತು. 1976ರಲ್ಲಿ, ತನ್ನ 23ನೆಯ ವಯಸ್ಸಿನಲ್ಲಿ, ಅನ್ನನೀರಿಲ್ಲದೆ ಸೊರಗಿ ಆಕೆ ತೀರಿಕೊಂಡಳು. 1978ರಲ್ಲಿ ನ್ಯಾಯಾಲಯವು ತಂದೆತಾಯಿಯರನ್ನೂ ಇಬ್ಬರು ಗುರುಗಳನ್ನೂ ತಪ್ಪಿತಸ್ಥರೆಂದಿತು. ಈ ದುರಂತವನ್ನು ಆಧರಿಸಿಯೇ 2005ರಲ್ಲಿ ಮತ್ತೊಂದು ದೆವ್ವದ ಚಿತ್ರ ಬಂದು ಹಣ ಗಳಿಸಿತು.

ಧರ್ಮಸಭೆ ದುಷ್ಟಶಕ್ತಿಯನ್ನು ಅಲ್ಲಗಳೆಯುವುದಿಲ್ಲ, ನಾನೂ ಅಲ್ಲಗಳೆಯುವವನಲ್ಲ. ಆದರೆ ಧರ್ಮಸಭೆಯ ಕಾನೂನಿನ 1172ನೆಯ ವಿಧಿಯ ಪ್ರಕಾರ ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾವ ಗುರುವೂ ಈ ಕಾರ್ಯಕ್ಕೆ ಕೈಹಾಕುವಂತಿಲ್ಲ. 1999ರ ಪರಿಷ್ಕೃತ ವಿಧಿಯಂತೂ ಮನೋರೋಗವನ್ನು ದೆವ್ವವೆಂದು ಭ್ರಮಿಸದಂತೆ ಎಚ್ಚರಿಸಿ, ವೈದ್ಯರ ಅಭಿಪ್ರಾಯ ಪಡೆಯಲು ಸೂಚಿಸುತ್ತದೆ.

ಈ ದೃಷ್ಟಿಯಿಂದ, 2004ರ ನಮ್ಮ 'ಆಪ್ತಮಿತ್ರ' ಪಾಶ್ಚಾತ್ಯ ಚಿತ್ರಗಳಿಗಿಂತ ವಿವೇಕದ್ದು. ವಿಷ್ಣುವರ್ಧನ್ ಅವರ ಮನೋವೈದ್ಯನೂ ಅವಿನಾಶ್ ಅವರ ಆಚಾರ್ಯರೂ ಅಲ್ಲಿ ಕೂಡಿಯೇ ರೋಗಿಯನ್ನು ಉಳಿಸುತ್ತಾರೆ. ವಿಷಾದವೆಂದರೆ ಪ್ರೇಕ್ಷಕರ ನಾಲಗೆಯ ಮೇಲೆ ನಾಗವಲ್ಲಿ ಉಳಿದಳು, ಗಂಗೆಯ ಕಾಯಿಲೆ ಮರೆತುಹೋಯಿತು.

ಮಗಳು ಧ್ವನಿ ಬದಲಿಸಿ ಮಾತನಾಡುತ್ತಿದ್ದಾಳೆಂದು ಗಾಬರಿಗೊಂಡವರು ದೇವಾಲಯಕ್ಕೆ ಅವಶ್ಯ ಬರಲಿ, ಕೂಡಿ ಪ್ರಾರ್ಥಿಸೋಣ. ಆದರೆ ಅದಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವುದನ್ನು ಮುಂದೂಡಬಾರದು. ವೈದ್ಯರು ಕೊಟ್ಟ ಮಾತ್ರೆಯನ್ನು ನಿಲ್ಲಿಸಿರೆಂದು ಹೇಳುವ ಅಧಿಕಾರವನ್ನು ಧರ್ಮಸಭೆ ಯಾವ ಪ್ರಾರ್ಥನಾಕೂಟಕ್ಕೂ ಕೊಟ್ಟಿಲ್ಲ.