ಅತ್ತರು ಮತ್ತು ಅತ್ತಾರ

‘ಅತ್ತರು’ ಎಂಬ ಮಾತನ್ನು ನಮ್ಮದೆಂದೇ ಬಳಸುವ ನಾವು, ಉತ್ತರ ಕರ್ನಾಟಕದ ಮುಸಲ್ಮಾನರಲ್ಲಿ ಇಂದಿಗೂ ಬಾಳುತ್ತಿರುವ ‘ಅತ್ತಾರ’ ಎಂಬ ಮನೆತನದ ಹೆಸರನ್ನು ಪರಕೀಯವೆನ್ನುವುದು ನನಗೆ ಸರಿಕಾಣದು. ಎರಡೂ ಒಂದೇ ಅರಬ್ಬಿ ಧಾತುವಿನಿಂದ ಬಂದವು. ಆ ಭಾಷೆಯಲ್ಲಿ ಧಾತುವಿನ ನಡುವಣ ವ್ಯಂಜನವನ್ನು ಇಮ್ಮಡಿಸಿ, ಮುಂದಿನ ಸ್ವರವನ್ನು ದೀರ್ಘಗೊಳಿಸಿದರೆ ಕಸುಬಿನವನ ಹೆಸರಾಗುತ್ತದೆ. ‘ಹದೀದ್’ ಕಬ್ಬಿಣ, ‘ಹದ್ದಾದ್’ ಕಮ್ಮಾರ. ಹಾಗೆಯೇ ‘ಇತ್ರ್’ ಪರಿಮಳ. ‘ಅತ್ತಾರ್’ ಅದನ್ನು ಮಾರುವವನು. (ನಮ್ಮ ಕುಂಬಾರನ ‘ಆರ’ಕ್ಕೂ ಇದಕ್ಕೂ ನಂಟಿಲ್ಲ, ಕಿವಿಗೆ ಮಾತ್ರ ಒಂದೇ.) ಅತ್ತಾರನಲ್ಲಿ ಸುಗಂಧವಷ್ಟೇ ಅಲ್ಲ, ಬೇರು, ಮೂಲಿಕೆ, ಔಷಧಿಗಳೂ ದೊರೆಯುತ್ತಿದ್ದವು, ನಮ್ಮ ಗ್ರಂಧಿಗೆ ಅಂಗಡಿಯಂತೆ. ಪಾರಸಿಯ ಸೂಫಿ ಕವಿ ಫರೀದುದ್ದೀನನು ಅತ್ತಾರನೆನಿಸಿದ್ದು ಈ ಕಸುಬಿನಿಂದಲೇ. 1696ರಲ್ಲಿ ಮೊರಾಕ್ಕೋದಲ್ಲಿ ಜನಿಸಿದ ಯೆಹೂದಿ ಧರ್ಮಪಂಡಿತ ಹಯೀಂ ಇಬ್ನ್ ಅತ್ತಾರನ ಮನೆತನಕ್ಕೂ ಇದೇ ಹೆಸರು. ಈಜಿಪ್ಟ್, ಸಿರಿಯಾ, ಇರಾಕುಗಳಲ್ಲಿ ಇಂದು ಈ ಹೆಸರಿನವರೆಲ್ಲ ಅತ್ತರು ಮಾರುವವರೇನಲ್ಲ.